ಅಪ್‌ಡೇಟ್: ಜೈಲಿನಲ್ಲಿರುವ ತಮ್ಮನ ಜೊತೆ ಅಮ್ಮ ಮಾತಾಡಿದರು

ಮಂಡಿನೋವಿರುವ ಅಮ್ಮ, ವಿಚಾರಣಾಧೀನ ಕೈದಿಯಾಗಿರುವ ತಮ್ಮನನ್ನು ಅಷ್ಟು ದೂರ ಹೋಗದೆ ನೋಡೋದು ಹೇಗೆ ಅಂತ ಕೇಳಿದ್ದೆ. ಇ-ಮುಲಾಖಾತ್ (ಕೈದಿಗಳನ್ನು ಆನ್‌ಲೈನಿನಲ್ಲಿ ಭೇಟಿ ಮಾಡುವ ಸರ್ಕಾರಿ ವ್ಯವಸ್ಥೆ) ಅಂತ ಹೇಳಿದವರಿಗೆ ಥ್ಯಾಂಕ್ಸ್, ಅದೇ ಕೈಹಿಡಿಯಿತು! ಇ-ಪ್ರಿಸನ್ಸ್ ವೆಬ್‌ಸೈಟಿನಲ್ಲಿ ಅಮ್ಮನ ಗುರುತಿನ ಚೀಟಿ ವಿವರ, ಜೈಲು, ತಮ್ಮನ ಹೆಸರು, ಅಪ್ಪನ ಹೆಸರು ಎಲ್ಲ ತುಂಬಿ ವಿಡಿಯೋ ಭೇಟಿ ಆರಿಸಿದೆ. ಜೈಲಿನವರು ಒಪ್ಪಿದ ಮೇಲೆ ಲಿಂಕ್ ಇಮೇಲ್‌ಗೇ ಬಂತು, ಹಾಗಾಗಿ ದಿನಾ ನೋಡುವ ಇಮೇಲ್ ಕೊಡಿ. ತಮ್ಮ ಜೈಲಿನಿಂದ ಅಮ್ಮನಿಗೆ ಫೋನ್ ಮಾಡುವ ದಾರಿ ನಮಗೆ ಇನ್ನೂ ಆಗಿಲ್ಲ, ಅಮ್ಮನ ನಂಬರ್ ಇನ್ನೂ ಪರಿಶೀಲನೆಯಲ್ಲೇ ಇದೆ. ಇಲ್ಲಿ ಕೆಲವರು ತಮ್ಮನಿಗೆ ಪತ್ರ ಬರೀರಿ ಅಂದಿದ್ರಲ್ಲ, ಸುಮ್ನೆ ಹೇಳ್ತಿದ್ದಾರೆ ಅಂದುಕೊಂಡಿದ್ದೆ. ಅಧಿಕಾರಿಗಳು ಓದಿ ನೋಡಿಯೇ ಕೊಡ್ತಾರಂತೆ, ಆದರೂ ಅವನಿಗೆ ವಿಡಿಯೋಗಿಂತ ಅಮ್ಮನ ಕಾಗದವೇ ಜಾಸ್ತಿ ಇಷ್ಟವಂತೆ! ಅಂದಹಾಗೆ, ವಕೀಲರಿಗೆ ದುಡ್ಡಿಲ್ಲದವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ ಕೇಳಬಹುದು.