‘ಹತ್ತಿ’ನೋ ‘ಹತಿ’ನೋ: ನಮ್ಮ ಮನಿ ಗುಂಪಿನ್ಯಾಗ ಎದ್ದ ವಾದ

ಬಸು ಕಾಕಾ: (ಫಾರ್ವರ್ಡ್ ವಿಡಿಯೋ) ಗೀತಾ, ಇದನ್ನ ನೋಡವಾ. ಕಣ್ಣಿನ ವ್ಯಾಯಾಮ ಮಾಡಿಸಿದ್ರ ಓದಾಕ ತಿಣುಕೋ ಹುಡುಗ್ರೂ ಸರಾಗ ಓದ್ತಾವಂತ. ಅಪ್ಪೂಗ ಮಾಡಿಸು.

ಗೀತಾ ವೈನಿ: ಹೌದೇನ್ರಿ ಕಾಕಾ? ಮೂರನೇತ್ತೆ ಆದ್ರೂ ನಾಕ್ ಸಾಲು ಓದಾಕ ತಾಸ್ ಹಿಡೀತೈತಿ. ರೊಕ್ಕ ಕಟ್ಟಾಕ ಇವತ್ತ ಕಡೀ ದಿನ ಅಂತ ತೋರಸಾಕತ್ತೈತಿ.

ಸುಜಾತಾ: ವೈನಿ, ಕಟ್ಟಬ್ಯಾಡ್ರಿ. ಕಣ್ಣು ತೋರಿಸೇರಿ, ಚಲೋ ಅದಾವು. 2009ರಾಗ ಅಮೆರಿಕದ ಮಕ್ಕಳ ಡಾಕ್ಟರು, ಕಣ್ಣಿನ ಡಾಕ್ಟರು ಕೂಡೇ ಹೇಳ್ಯಾರ, ಡಿಸ್ಲೆಕ್ಸಿಯಾಕ್ಕ, ಅಂದ್ರ ಬುದ್ಧಿ ಚಲೋ ಇದ್ರೂ ಓದಾಕ ತೊಡಕಾಗೂದಕ್ಕ, ಕಣ್ಣಿನ ವ್ಯಾಯಾಮ ಉಪಯೋಗ ಅನ್ನಾಕ ಆಧಾರ ಇಲ್ಲಂತ. ಬಹಳ ಸಲ ತೊಡಕು ಇರೂದು ಮಾತಿನ ಸದ್ದು ಬಿಡಿಸಿ ಹಿಡಿಯೂದ್ರಾಗ.

ಬಸು ಕಾಕಾ: ಅವನ ಕಿವಿ ಭಾಳ ಚುರುಕದಾವು. ಕೆಳಗ ಚಕ್ಕಲಿ ಡಬ್ಬಿ ತಗದ್ರ ಮಾಳಗಿ ಮ್ಯಾಲಿಂದ ಓಡಿ ಬರ್ತಾನ.

ಸುಜಾತಾ: ಕೇಳೂದು ಬ್ಯಾರೆ, ಕೇಳಿದ್ದನ್ನ ಒಡದು ನೋಡೂದು ಬ್ಯಾರೆ ಕಾಕಾ. ಅವನ ಉಕ್ತಲೇಖನ ನೋಡೇನಿ. ‘ಹತ್ತಿ’ಗೆ ‘ಹತಿ’, ‘ಬಳ್ಳಿ’ಗೆ ‘ಬಳಿ’. ಒತ್ತು ಬಂದಲ್ಲೆಲ್ಲಾ ಜಾರ್ಯಾನ. ‘ಹತ್ತಿ’ ಅನ್ನುವಾಗ ನಾಲಗಿ ಹಲ್ಲಿಗೆ ತಾಗಿ ಒಂದ್ ಚೂರು ನಿಂತು ಬಿಡ್ತೈತಲ್ಲ, ಆ ತಡೀ ಅವಂಗ ಸಿಗವಲ್ದು. ‘ಧಾರವಾಡ’ಕ್ಕ ‘ದಾರವಾಡ’ ಬರದಿದ್ದಕ್ಕೂ ಕೆಂಪು ಗೆರಿ ಬಿದ್ದೈತಿ. ಅದಕ್ಕ ನಾ ಹೆದರಂಗಿಲ್ಲ. ಮಹಾಪ್ರಾಣ ನಮ್ಮ ಮನ್ಯಾಗ ಯಾರ ಬಾಯಾಗೈತಿ? ಅವ ಕೇಳಿದಂಗ ಬರದಾನ.

ಬಸು ಕಾಕಾ: ಇಂಗ್ಲಿಷಿಗೆ ಆದ್ರ ಈ ತ್ರಾಸ ಒಪ್ಪತೀನಿ. ಕನ್ನಡ ಅಂದಂಗ ಬರಿಯೂ ಭಾಷಾ. ಬಳ್ಳಿ (ಕಾಗುಣಿತ) ತಿದ್ದಿಸ್ರಿ, ಬಾಯಿಪಾಠ ಮಾಡಿಸ್ರಿ, ಮುಗೀತು. ನಾವೆಲ್ಲ ಹಂಗ ಕಲ್ತೇವಿ.

ಸುಜಾತಾ: ಅರ್ಧ ಖರೇ ಐತಿ. ‘ಕಮಲ’ ಕ-ಮ-ಲ ಅಂತ ತುಂಡು ಮಾಡೂದು ಸಣ್ಣ ಹುಡುಗ್ರಿಗೂ ಬರ್ತೈತಿ. ‘ಕಿ’ ಒಳಗಿನ ಕ್, ಇ ಬ್ಯಾರೆ ಮಾಡೂದು ಕಠಿಣ. ಕಾಗುಣಿತ, ಒತ್ತಕ್ಷರ ಎಲ್ಲಾ ಅದರ ಮ್ಯಾಲ ನಿಂತಾವು. 1979ರಾಗ ಪೋರ್ಚುಗಲ್‌ನ್ಯಾಗ ಓದು ಕಲೀದ ದೊಡ್ಡವರಿಗೆ, ಮಾತಿನ ಮೊದಲನೇ ಸದ್ದು ತಗದು ಉಳಿದಿದ್ದು ಹೇಳ್ರಿ ಅಂದ್ರು. ಬಹಳ ಮಂದಿಗೆ ಆಗಲಿಲ್ಲ. ವಯಸ್ಸಾದ ಮ್ಯಾಲೆ ಓದು ಕಲ್ತವರಿಗೆ ಬಂತು. ಸದ್ದು ಬಿಡಿಸೂದು ಓದಿಗೆ ಬೇಕು, ಓದಿದಂಗ ಅದೂ ಚೂಪಾಗ್ತೈತಿ. ಬಾಯಿಪಾಠ ಬ್ಯಾಡ ಅನ್ನಂಗಿಲ್ಲ, ಅದೊಂದ ಸಾಲಂಗಿಲ್ಲ.

ಮಲ್ಲಣ್ಣ: ಸಣ್ಣಾಂವಿದ್ದಾಗ ಅಪ್ಪೂನ ಕಿವಿ ಸೋರ್ತಿತ್ತಲ್ಲ ಸುಜಾ, ಅದಕ್ಕೇನರ ಸಂಬಂಧ?

ಸುಜಾತಾ: ಇರಬಹುದು ಅಣ್ಣಾ. ಮೊದಲ ಹುಬ್ಬಳ್ಳಿ ಸರ್ಕಾರಿ ದವಾಖಾನಿ ಕಿಮ್ಸ್‌ಗೆ ಹೋಗಿ ಕಿವಿ ಪರೀಕ್ಷಾ ಮಾಡಿಸು. ಆಮ್ಯಾಲ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ್ಯಾಗ ಕಲಿಕಾ ತೊಂದರಿ ಬಗ್ಗೆ ಕೇಳೋಣು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆದಾಗ ಕಲಿಕಾ ನ್ಯೂನತೆನೂ ಸೇರೇತಿ.

ಬಸು ಕಾಕಾ: ಹುಡುಗಗ ಆ ಹಣಿಪಟ್ಟಿ ಹಚ್ಚಬ್ಯಾಡ್ರಿ. ನಾ ಒಪ್ಪಂಗಿಲ್ಲ.

ಸುಜಾತಾ: ಈಗ ‘ದಡ್ಡ’ ಅನ್ನೂ ಪಟ್ಟಿ ಹಚ್ಚಿ ಕಡೀ ಬೆಂಚಿಗೆ ಕುಂಡ್ರಿಸ್ಯಾರಲ್ಲ ಕಾಕಾ? ನನ್ನ ಹೊಟ್ಟಿ ಉರಿಯೂದು ಅದಕ್ಕ.

ಗೀತಾ ವೈನಿ: ರೊಕ್ಕ ಕಟ್ಟಂಗಿಲ್ಲ ಬಿಡು. ಮನ್ಯಾಗ ಏನ್ ಮಾಡಿಸ್ಲಿ?

ಸುಜಾತಾ: ‘ಬಳಿ–ಬಳ್ಳಿ’, ‘ಹಳಿ–ಹಳ್ಳಿ’ ಜೋಡಿ ಅನ್ರಿ. ತಡದು ಅಂದದ್ದು ಯಾವುದು ಅಂತ ಅವನ ಹೇಳ್ಲಿ. ಅಲ್ಲೇ ಪಾಟಿ ಮ್ಯಾಲ ಬರಸ್ರಿ, ಬರೇ ಬಾಯಿ ಆಟ ಆಡಿಸಿ ಬಿಡಬ್ಯಾಡ್ರಿ. 1983ರಾಗ ಇಂಗ್ಲಂಡಿನ ಬ್ರ್ಯಾಡ್ಲಿ, ಬ್ರಯಂಟ್ ಅನ್ನೂವರ ಪ್ರಯೋಗದಾಗ ಸದ್ದಿನ ಜೋಡಿ ಅಕ್ಷರಾನೂ ಕಲಿಸಿದ ಹುಡುಗ್ರ ಹೆಚ್ಚು ಮುಂದ ಹೋದ್ರು.

ಬಸು ಕಾಕಾ: ಸಂಜೀಕ ಆಟ ನಾ ಆಡಿಸ್ತೀನಿ. ಕಲಿಕಾ ನ್ಯೂನತೆ ಸರ್ಟಿಫಿಕೇಟಿನ ಮಾತು ಮಾತ್ರ ಡಾಕ್ಟರ್ ಹೇಳಿದ ಮ್ಯಾಲ ನೋಡೂಣು.