ಹೆಣ್ಣುಮಗುವಿಗೆ ಹೆಸರು: ಶಾಲೆಯಲ್ಲಿ ಅಡ್ಡಹೆಸರಾಗದ್ದು ಯಾವುದು?

ಕೇಳಿದವರು: ಕೋಥ್ರೂಡ್, ಪುಣೆ

ಮಗಳು ಹುಟ್ಟಿ ಐದು ವಾರ. ಮನೆಯಲ್ಲಿ ಧಾರವಾಡದ ಕನ್ನಡ, ಬಾಗಿಲು ದಾಟಿದರೆ ಮರಾಠಿ, ಹಿಂದಿ. ಪಟ್ಟಿಯಲ್ಲಿ ಐದು ಹೆಸರು ಉಳಿದಿವೆ: ಸಿಂಚನಾ, ಇಂಚರಾ, ನಂದಿನಿ, ಪ್ರಜ್ಞಾ, ಜಾಹ್ನವಿ. ಶಾಲೆಯಲ್ಲಿ ಕೆಟ್ಟ ಅಡ್ಡಹೆಸರು ಅಂಟಿಕೊಂಡೀತು ಅನ್ನೋ ಭಯ. ಯಾವುದನ್ನು ಬಿಡಬೇಕು, ಯಾಕೆ ಅಂತ ತಿಳಿದವರು ಹೇಳಿ. ಜನನ ನೋಂದಣಿಯಲ್ಲಿ ಹೆಸರಿನ ಜಾಗ ಇನ್ನೂ ಖಾಲಿ ಇದೆ.

ಡೊಂಬಿವಲಿಯಿಂದ, ಶಿಕ್ಷಕಿ

ಅಡ್ಡಹೆಸರು ಹುಟ್ಟುವುದು ಎರಡೇ ರೀತಿ: ಹೆಸರು ತುಂಡಾಗುತ್ತದೆ, ಇಲ್ಲವೇ ಇನ್ನೊಂದು ಪದಕ್ಕೆ ಪ್ರಾಸವಾಗುತ್ತದೆ. ಎರಡನ್ನೂ ಮನೆಯಲ್ಲೇ ಕೂತು ಪರೀಕ್ಷೆ ಮಾಡಬಹುದು.

ಮೊದಲು ಹೆಸರಿನ ಮುಂಭಾಗವನ್ನಷ್ಟೇ ಇಟ್ಟುಕೊಂಡು ಕೊನೆಗೆ ಮೂರು ಸ್ವರ ಹಚ್ಚಿ ಜೋರಾಗಿ ಕೂಗಿ. ನಮ್ಮ ಕನ್ನಡದ ಬಾಯಿಗೆ ‘ಇ’ ಬರುತ್ತದೆ: ಸುಮಾ ಹೋಗಿ ಸುಮಿ. ಮರಾಠಿಯ ಮುದ್ದಿಗೆ ‘ಊ’: ಸುಮೂ. ಮರಾಠಿಯ ಸಲಿಗೆಗೂ ಸಿಟ್ಟಿಗೂ ‘ಏ’: ಸುಮೇ. ಈ ಮೂರರಲ್ಲಿ ಯಾವುದಾದರೂ ಕಿವಿಗೆ ಚುಚ್ಚಿದರೆ ಅದೇ ಶಾಲೆಯಲ್ಲಿ ಉಳಿಯುತ್ತದೆ ಅಂತ ಇಟ್ಟುಕೊಳ್ಳಿ. ಆಮೇಲೆ ಮೊದಲ ಅಕ್ಷರವನ್ನು ಎರಡು ಸಲ ಹೇಳಿ. ಸುಷ್ಮಾ, ಸುಸ್ಮಿತಾ ಇವು ‘ಸುಸು’ ಆಗುತ್ತವೆ. ಇಲ್ಲಿನ ಮಕ್ಕಳಿಗೆ ಅದು ಉಚ್ಚೆಯ ಮಾತು. ಮರಾಠಿ ಮನೆಗಳಲ್ಲಿ ‘ಶೂ’ ಅಂದರೂ ಅದೇ, ‘ಶೀ’ ಅಂದರೆ ಕಕ್ಕ. ಹಾಗಾಗಿ ಶುಭಾ ಅನ್ನೋ ಒಳ್ಳೆಯ ಹೆಸರನ್ನು ಮನೆಯಲ್ಲಿ ‘ಶು’ ಅಂತ ಚುಟುಕು ಮಾಡಲೇಬೇಡಿ. ಪದ್ಮಾಳನ್ನು ‘ಪದ್ದು’ ಅನ್ನುವುದೂ ಬೇಡ. ‘ಪಾದ್’ ಅಂದರೆ ಹೂಸು.

ಪ್ರಾಸದಲ್ಲಿ ನಿಮ್ಮ ಇಂಚರಾ ಸಿಕ್ಕಿಬೀಳುತ್ತದೆ. ಇಂಚರಾ, ಕಚರಾ. ಒಂದನೇ ತರಗತಿಯ ಮಗುವಿಗೂ ಈ ಜೋಡಿ ಹೊಳೆಯುತ್ತದೆ, ಏಕೆಂದರೆ ‘ಕಚರಾ’ ದಿನಾ ಬಾಗಿಲಿಗೆ ಬರುವ ಕಸದವರ ಪದ. ಚಾರ್ವಿ ಇಟ್ಟವರಿಗೂ ಇದೇ ಪಾಡು, ‘ಚರಬಿ’ (ಕೊಬ್ಬು) ಹತ್ತಿರದಲ್ಲೇ ಇದೆ. ಮೈ ಸ್ವಲ್ಪ ತುಂಬಿಕೊಂಡ ಹುಡುಗಿಯಾದರೆ ಅದು ಬರೀ ತಮಾಷೆಯಾಗಿ ಉಳಿಯುವುದಿಲ್ಲ. ಚುಕ್ಕಿ ಎಷ್ಟು ಮುದ್ದಾದ ಹೆಸರು, ಆದರೆ ಮರಾಠಿಯಲ್ಲಿ ‘ಚೂಕ್’, ‘ಚುಕೀ’ ಅಂದರೆ ತಪ್ಪು.

ಸಿಂಚನಾ ಕೆಟ್ಟದ್ದೇನಲ್ಲ. ಮಹಾರಾಷ್ಟ್ರದಲ್ಲಿ ‘ಸಿಂಚನ’ ಅಂದ ಕೂಡಲೇ ನೀರಾವರಿ ನೆನಪಾಗುತ್ತದೆ, ಮಕ್ಕಳಿಗೆ ಟಿವಿ ಕಾರ್ಟೂನಿನ ತುಂಟ ಹುಡುಗ ‘ಶಿನ್-ಚಾನ್’ ನೆನಪಾಗುತ್ತಾನೆ. ಎರಡರಲ್ಲೂ ಅವಮಾನವಿಲ್ಲ. ನಂದಿನಿಗೆ ‘ನಂದೀಬೈಲ್’ ಬರಬಹುದು. ಹೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸುವವರಿಗೆ ಮರಾಠಿಯಲ್ಲಿ ಹಾಗನ್ನುತ್ತಾರೆ. ನಮ್ಮವರೇ ಹಾಲಿನ ಪಾಕೀಟು ಅಂದಾರು. ಇವು ಎರಡು ದಿನ ಆಡಿ ಬಿಡುವಂಥವು. ಮೈಬಣ್ಣ, ತೂಕ, ಹೇಲು-ಉಚ್ಚೆ ಈ ಮೂರಕ್ಕೆ ತಾಕುವ ಹೆಸರನ್ನು ಮಾತ್ರ ಬಿಡಿ. ಉಳಿದ ಕೀಟಲೆಗೆ ಹೆದರಿದರೆ ಯಾವ ಹೆಸರೂ ಉಳಿಯುವುದಿಲ್ಲ.

ಚಿಂಚವಡದಿಂದ, ದಾಖಲೆ ಕೆಲಸ ಬಲ್ಲವರು

ಅಡ್ಡಹೆಸರು ಬೆಳೆಯುತ್ತಾ ಉದುರುತ್ತದೆ. ಸ್ಪೆಲ್ಲಿಂಗಿನ ತೊಂದರೆ ಉದುರುವುದಿಲ್ಲ, ಅದನ್ನು ಈಗಲೇ ಕಟ್ಟಿಹಾಕಿ.

ಪ್ರಜ್ಞಾ ತಗೊಳ್ಳಿ. ಅದೇ ಸಂಸ್ಕೃತ ಪದಕ್ಕೆ ಮರಾಠಿಯವರು ‘ಪ್ರದ್ನ್ಯಾ’ ಅನ್ನುತ್ತಾರೆ, ಹಿಂದಿಯವರು ‘ಪ್ರಗ್ಯಾ’, ನಾವು ಇನ್ನೊಂದು ತರಹ. ಇಂಗ್ಲಿಷಿನಲ್ಲೂ ಮೂರು ಬರವಣಿಗೆ: ಇಲ್ಲಿ ‘ಡಿ-ಎನ್-ವೈ’, ಉತ್ತರದಲ್ಲಿ ‘ಜಿ-ವೈ’, ನಮ್ಮಲ್ಲಿ ‘ಜೆ-ಎನ್’. ನೀವು ‘ಜೆ-ಎನ್’ ಬರೆಸಿದರೆ ಇಲ್ಲಿನ ಟೀಚರು ‘ಪ್ರಜ್ನಾ’ ಅಂತಲೇ ಓದುತ್ತಾರೆ. ಜಾಹ್ನವಿಯನ್ನು ಮರಾಠಿಯಲ್ಲಿ ಬರೆಯುವುದೇ ‘ಜಾನ್ಹವಿ’ ಅಂತ; ಗುಮಾಸ್ತರ ಕೈ ತಾನಾಗಿ ‘ಎನ್’ ಮೊದಲು, ‘ಎಚ್’ ಆಮೇಲೆ ಹಾಕುತ್ತದೆ. ಯಾವ ರೂಪ ಬೇಕೋ ದೊಡ್ಡ ಅಕ್ಷರದಲ್ಲಿ ಬರೆದು ಕೊಡಿ, ಬಾಯಲ್ಲಿ ಹೇಳಿ ಬಿಡಬೇಡಿ.

ಇನ್ನೆರಡು ಸಂಗತಿ. ನಾವು ‘ತ’ಕ್ಕೆ ‘ಟಿ-ಎಚ್’ ಹಾಕುತ್ತೇವೆ, ಇಲ್ಲಿ ಅದನ್ನು ‘ಥ’ ಅಂತ ಓದುತ್ತಾರೆ. ಸ್ಮಿತಾ ‘ಸ್ಮಿಥಾ’ ಆಗುತ್ತಾಳೆ. ಮತ್ತೆ ನಾವು ಕಾವ್ಯ, ಸೌಜನ್ಯ ಅಂತ ಹ್ರಸ್ವದಲ್ಲಿ ಬರೆಯುತ್ತೇವೆ. ದೇವನಾಗರಿಯಲ್ಲಿ ಹಾಗೇ ಇಳಿಸಿದರೆ ಅದು ಹುಡುಗಿಯ ಹೆಸರಲ್ಲ, ಬರೀ ಪದ. ಕೊನೆಯಲ್ಲಿ ‘ಕಾನಾ’ (ಆಕಾರದ ಗೆರೆ) ಇದೆಯೇ ನೋಡಿ. ಮಹಾರಾಷ್ಟ್ರದ ಪ್ರಮಾಣಪತ್ರದಲ್ಲಿ ಮರಾಠಿ, ಇಂಗ್ಲಿಷ್ ಎರಡೂ ಇರುತ್ತವೆ, ಎರಡನ್ನೂ ಓದಿಯೇ ಒಪ್ಪಿ. ದೇವನಾಗರಿಯಲ್ಲಿ ನಮ್ಮ ಹ್ರಸ್ವ ಎ, ಒ ಇಲ್ಲ, ಆದ್ದರಿಂದ ಬೆಳ್ಳಿ, ಹೊನ್ನಿಯಂಥ ಹೆಸರು ‘ಬೇಳ್ಳಿ’, ‘ಹೋನ್ನಿ’ ಆಗುತ್ತವೆ.

ಅವಸರ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಹೆಸರನ್ನಲ್ಲ. ಹೆಸರು ಸೇರಿಸಲು 12 ತಿಂಗಳವರೆಗೆ ತಡದ ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಆದರೆ ಒಮ್ಮೆ ಬರೆಸಿದ ಹೆಸರನ್ನು ತೆಗೆದು ಬೇರೆ ಹಾಕಿಸುವುದು ಬಹಳ ಕಷ್ಟ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟು ಮುಂತಾದ ಕಡೆ ಹುಟ್ಟಿದ ದಿನಕ್ಕೆ ಈ ಜನನ ಪ್ರಮಾಣಪತ್ರವೇ ಪುರಾವೆ.

ಮಡಗಾಂವಿನಿಂದ

ಗೋವಾಕ್ಕೆ ಬರುವ ಸಾಧ್ಯತೆ ಇದ್ದರೆ ಕೊಂಕಣಿಯಲ್ಲೂ ಒಮ್ಮೆ ಹೇಳಿಸಿ ನೋಡಿ. ಶೀತಲ್ ಇಲ್ಲಿ ‘ಶೀತ್’, ಅಂದರೆ ಅನ್ನ. ಸಂಗೀತಾ ‘ಸುಂಗಟಾಂ’ಗೆ (ಸಿಗಡಿ) ಹತ್ತಿರ. ಮುಂದೆ ಹೆಸರು ಬದಲಿಸಿದರಾಯಿತು ಅನ್ನಬೇಡಿ; ಅದು ಸುಲಭದ ಕೆಲಸವಲ್ಲ, ಇಲ್ಲಿ ಅದಕ್ಕೆ 1990ರ ಪ್ರತ್ಯೇಕ ಕಾಯ್ದೆಯೇ ಇದೆ.

ಭಾಂಡುಪದಿಂದ, ಹಿರಿಯರು

ತಂಗೀ, ಎಲ್ಲಾರೂ ಶಾಲೀ ಹೆಸರಿನ ವಿಚಾರ ಮಾಡ್ಯಾರ, ಮನೀ ಹೆಸರಿನ ವಿಚಾರ ಯಾರೂ ಮಾಡಿಲ್ಲ ನೋಡ. ಅಡ್ಡಹೆಸರು ಹೊರಗ ಹೋಗೂದು ಮನೀ ಬಾಗಿಲದಿಂದನ. ನಾವು ಪ್ರೀತಿಲೆ ‘ಬಂಗಾರಿ’ ಅಂತೀವಿ, ಈ ಊರಾಗ ‘ಭಂಗಾರ’ ಅಂದ್ರ ಗುಜರಿ. ‘ಪುಟ್ಟಿ’ ಅಂದ್ರ ಗೋಡೆಗೆ ಬಳಿಯೂ ಪುಟ್ಟಿ. ‘ಗುಂಡಿ’ ಅಂದ್ರ ಮರಾಠಿಯೊಳಗ ಅಂಗಿ ಗುಂಡಿ. ಮನಿಯೊಳಗ ಏನರ ಕರೀರಿ, ಶಾಲೀ ಗೇಟಿನ ಮುಂದ ಮಾತ್ರ ಪೂರ್ತಿ ಹೆಸರು ಹಿಡದು ಕರೀರಿ. ಚುಟುಕು ಹೆಸರು ಬೇಕಂದ್ರ ನೀವ ಆರಿಸಿ ಮೊದಲ ರೂಢಿ ಮಾಡ್ರಿ: ಜಾಹ್ನವಿಗೆ ‘ಜಾನು’, ಪ್ರಜ್ಞಾಗೆ ‘ಪ್ರಜು’. ಒಂದು ಚುಟುಕು ಹೆಸರು ಮೊದಲ ಇದ್ರ ಹುಡುಗರು ಇನ್ನೊಂದು ಹಚ್ಚೂದು ಕಡಿಮಿ.

ನಕ್ಷತ್ರದ ಅಕ್ಷರ ಸಿಗಲಿಲ್ಲಂತ ಚಿಂತೀ ಬ್ಯಾಡ. ಆರ್ದ್ರಾ ಮೂರನೇ ಪಾದಕ್ಕ ‘ಙ’ ಬರ್ತದ, ಅದರ ಮ್ಯಾಲೆ ಯಾರೂ ಹೆಸರು ಇಡಂಗಿಲ್ಲ. ಜನ್ಮನಾಮ ತೊಟ್ಟಿಲದಾಗ ಸೋದರತ್ತಿ ಕಿವಿಯೊಳಗ ಹೇಳ್ಲಿ, ಕಾಗದದ ಮ್ಯಾಲೆ ವ್ಯವಹಾರದ ಹೆಸರು ಇರ್ಲಿ.

ಕೇಳಿದವರು

ಪ್ರಜ್ಞಾ, ಜಾಹ್ನವಿ ಎರಡು ಉಳಿಸಿಕೊಂಡೆವು. ಫಾರ್ಮಿನಲ್ಲಿ ನನ್ನ ಹೆಸರು ಎಲ್ಲಿ ಬರುತ್ತದೆ?

ಚಿಂಚವಡದಿಂದ

ಮಹಾರಾಷ್ಟ್ರದಲ್ಲಿ 2024ರ ಮೇ 1ರಿಂದ ಹುಟ್ಟಿದವರಿಗೆ ಸರ್ಕಾರಿ ದಾಖಲೆಯಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಮನೆತನದ ಹೆಸರು, ಈ ಕ್ರಮ. ನಾಲ್ಕನ್ನೂ ಸೇರಿಸಿ ಒಂದೇ ಉಸಿರಿನಲ್ಲಿ ಓದಿ, ಇಂಗ್ಲಿಷ್ ಮೊದಲಕ್ಷರಗಳು ಕೂಡಿ ಕೆಟ್ಟ ಪದವಾಗುತ್ತದೆಯೇ ನೋಡಿ. ಇನಿಷಿಯಲ್ ಮಾತ್ರ ಬರೆಸಬೇಡಿ. ಮನೆತನದ ಹೆಸರಿಲ್ಲದಿದ್ದರೆ ಊರಿನ ಹೆಸರನ್ನಾದರೂ ಪೂರ್ತಿ ಬರೆಸಿ.