ಅಪ್ಪ ಅಮ್ಮನ ಜೊತೆ ಮಾಲ್ಟಾ: ಕಾರು ಬೇಕಾ, ಬಸ್ ಸಾಕಾ? ಹೋಗಿಬಂದವರು ಹೇಳಿ

ಶಿವಮೊಗ್ಗದ ಹುಡುಗಿ: ಏಪ್ರಿಲ್‌ನಲ್ಲಿ ಅಪ್ಪ ಅಮ್ಮನನ್ನು ಯುರೋಪಿನ ಪುಟ್ಟ ದ್ವೀಪ ದೇಶ ಮಾಲ್ಟಾಗೆ ಕರೆದುಕೊಂಡು ಹೋಗುತ್ತಿದ್ದೇನೆ. ವೀಸಾ ಬಂದಿದೆ. ಅಪ್ಪನಿಗೆ ಮೊಣಕಾಲು ನೋವು, ಮೆಟ್ಟಿಲು ಕಷ್ಟ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಕಾರು ಬಾಡಿಗೆಗೆ ತಗೊಳ್ಳಲಾ? ಪಕ್ಕದ ಗೋಜೋ ದ್ವೀಪದಲ್ಲಿ ರಾತ್ರಿ ಉಳಿಯಬೇಕಾ?

ದಾವಣಗೆರೆ ರೈಡರ್: ಕಾರು ಬೇಡವೇ ಬೇಡ. ಅಲ್ಲೂ ಎಡಗಡೆ ಓಡಿಸುವುದು, ಆರಾಮ ಅಂತ ಎಲ್ಲರೂ ಹೇಳುತ್ತಾರೆ. ನಾನೂ 1,000 ರೂಪಾಯಿ ಕಟ್ಟಿ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಹೋದೆ. ಕೌಂಟರಿನಲ್ಲಿ ಮೊದಲು ಕಾರ್ಡಿನ ಮೇಲೆ 1,200 ಯೂರೋ ಬ್ಲಾಕ್ ಮಾಡಿದರು. ಕಾರು ವಾಪಸ್ ಕೊಡುವಾಗ ಹಿಂದಿನ ಎಡ ಬಾಗಿಲ ಕೆಳಗೆ ಟಾರ್ಚ್ ಹಿಡಿದು, ಉಗುರಿನಷ್ಟು ಗೀರು ತೋರಿಸಿ 340 ಯೂರೋ ಕಿತ್ತುಕೊಂಡರು. ಆ ಗೀರು ಮೊದಲೇ ಇತ್ತು! ಫೋಟೋ ತೋರಿಸಿದರೆ 'ಬೆಳಕು ಸರಿಯಿಲ್ಲ' ಅಂದರು. ಎಷ್ಟು ಮೇಲ್ ಹಾಕಿದರೂ ಅದೇ ಸಿದ್ಧ ಉತ್ತರ. ರಾಜಧಾನಿ ವ್ಯಾಲೆಟ್ಟಾ ಊರೊಳಗೆ ಹೋದರೆ ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿದು ಬೇರೆ ಶುಲ್ಕ ಹಾಕುತ್ತದೆ. ಸ್ಲೀಮಾದಲ್ಲಿ ಪಾರ್ಕಿಂಗ್ ಹುಡುಕಿದ್ದೇ ಹುಡುಕಿದ್ದು.

ಹಾಸನದ ಅಕ್ಕ: ಬಸ್ಸೇ ಸಾಕಮ್ಮ. ನನ್ನ ಮಗಳು ಅಲ್ಲೇ ನರ್ಸ್. ನಾನು ಹೋದ ಬೇಸಿಗೆಯಲ್ಲಿ ಟಿಕೆಟ್ 2.50 ಯೂರೋ, ಎರಡು ಗಂಟೆ ನಡೆಯುತ್ತಿತ್ತು. ಗೋಜೋ ದೊಡ್ಡ ಹಡಗಿಗೆ ಚಿರ್ಕೆವ್ವಾದಲ್ಲಿ ಹತ್ತುವಾಗ ದುಡ್ಡು ಕೇಳುವುದಿಲ್ಲ, ವಾಪಸ್ ಬರುವಾಗ 4.65 ಯೂರೋ ಕೊಟ್ಟರಾಯಿತು. ನಾನು ಚಿಕ್ಕ ಎಲೆಕ್ಟ್ರಿಕ್ ಕುಕ್ಕರ್, ಸಾರಿನ ಪುಡಿ, ಅವಲಕ್ಕಿ ಒಯ್ದಿದ್ದೆ. ಅಲ್ಲಿ ಇಂಗ್ಲೆಂಡಿನ ಪ್ಲಗ್, ಅಡಾಪ್ಟರ್ ಇಟ್ಟುಕೊಳ್ಳಿ. ಹೊರಗೆ ಹಸಿವಾದರೆ ಬಟಾಣಿಯ ಪಾಸ್ಟಿಟ್ಸಿ, ನಮ್ಮ ಬೇಕರಿ ಪಫ್ಸ್ ಥರ ಪದರ ಪದರ. ಒಂದು ಯೂರೋಗಿಂತ ಕಡಿಮೆಗೆ ಹೊಟ್ಟೆ ತುಂಬುತ್ತದೆ. ನೀರಿನ ಬಾಟಲಿ ಬಿಸಾಡಬೇಡಿ. ಒಂದೊಂದಕ್ಕೂ 10 ಸೆಂಟ್ ಠೇವಣಿ ಹಿಡಿದಿರುತ್ತಾರೆ, ಮೆಷಿನ್‌ಗೆ ಹಾಕಿದರೆ ವಾಪಸ್.

ಧಾರವಾಡದವರು: ಅಕ್ಕಾರ, ಮೊಟ್ಟೆನೂ ಮುಟ್ಟದ ತಾಯಿಗೆ ಪಾಸ್ಟಿಟ್ಸಿ ತಿನ್ನಿಸಿ ಅಂತೀರಲ್ಲ? ಹಳೇ ಕ್ರಮದಲ್ಲಿ ಆ ಪದರಕ್ಕೆ ಹಂದಿ ಕೊಬ್ಬು ಹಚ್ಚುತ್ತಾರೆ. ಅರ್ಧ ತಿಂದ ಮೇಲೆ ಅಂಗಡಿಯವನ ಬಾಯಿಂದಲೇ ಕೇಳಿದೆವು. ನಮ್ಮ ಅತ್ತೆ ಆಮೇಲೆ ಊರಿಗೆ ಬರುವ ತನಕ ಹಣ್ಣು, ಬ್ರೆಡ್ಡಿನ ಮೇಲೇ ಇದ್ದರು. ತಿಳಿಯದವರು ಸುಮ್ನೆ ಸಲಹೆ ಕೊಡಬಾರದು.

ಹಾಸನದ ಅಕ್ಕ: ತಿಳಿಯದವಳು ಅನ್ನಬೇಡಿ. ನನ್ನ ಮಗಳು ಕೊಳ್ಳುವ ಅಂಗಡಿಯಲ್ಲಿ ಹಂದಿ ಕೊಬ್ಬಲ್ಲ, ಮಾರ್ಗರಿನ್ (ಎಣ್ಣೆಯಿಂದ ಮಾಡಿದ ಬೆಣ್ಣೆಯಂಥದ್ದು) ಹಾಕುತ್ತಾರೆ. ಕೇಳಿಯೇ ತಿಂದಿದ್ದೇವೆ.

ಕೋಲಾರದ ಅಪ್ಪ: ಕಾರು, ಬಸ್ಸು ಆಮೇಲೆ. ಹಾಲ್ ಸಫ್ಲಿಯೆನಿಯ ಹೈಪೊಜಿಯಂ ಟಿಕೆಟ್ ಇವತ್ತೇ ಮಾಡಿ. 5,000 ವರ್ಷಕ್ಕೂ ಹಿಂದೆ ನೆಲದಡಿ ಕಲ್ಲು ಕೊರೆದು ಮಾಡಿದ ಸಮಾಧಿ. 1902ರಲ್ಲಿ ಮನೆ ಕಟ್ಟುವಾಗ ನೀರಿನ ತೊಟ್ಟಿಗೆ ಅಗೆದರೆ ಸಿಕ್ಕಿತು. ಉಸಿರಿನ ತೇವಕ್ಕೆ ಗೋಡೆಯ ಬಣ್ಣ ಹಾಳಾಗುತ್ತದೆ ಅಂತ ದಿನಕ್ಕೆ 80 ಜನರನ್ನಷ್ಟೇ ಬಿಡುತ್ತಾರೆ. ನಮಗೆ ಪ್ಯಾಕೇಜ್‌ನವರು ಎಲ್ಲ ಸೇರಿದೆ ಅಂದಿದ್ದರು. 6 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಮಗ ಬಾಗಿಲಲ್ಲಿ ಅತ್ತ, ನಾನು ಅವನ ಜೊತೆ ಹೊರಗೆ ಉಳಿದೆ. ನಯಾಪೈಸೆ ವಾಪಸ್ ಬರಲಿಲ್ಲ.

ಜಯನಗರ ಟ್ರಾವೆಲರ್: ಪ್ಯಾಕೇಜ್‌ನವರನ್ನೆಲ್ಲ ಬೈಯಬೇಡಿ. ನಮಗೆ ವೀಸಾ ಫಾರ್ಮ್‌ನಿಂದ 30,000 ಯೂರೋ ಮೊತ್ತದ ಪ್ರಯಾಣ ವಿಮೆವರೆಗೆ ಎಲ್ಲ ಅವರೇ ನೋಡಿಕೊಂಡರು.

ಕೋಲಾರದ ಅಪ್ಪ: ನಿಮ್ಮ ಮಗು ಬಾಗಿಲಲ್ಲಿ ನಿಂತು ಅತ್ತಿದ್ದರೆ ಹೀಗೆ ಹೇಳುತ್ತಿರಲಿಲ್ಲ.

ಶಿರಸಿ ಭಟ್ಟರು: ಗೋಜೋದಲ್ಲಿ ಖಂಡಿತ ಉಳಿಯಿರಿ. ಬೆಳಿಗ್ಗೆ ಹೋಗಿ ಸಂಜೆ ಬರುವವರು ಜಿಗಾಂತಿಯಾ ನೋಡಿ ಓಡುತ್ತಾರೆ. ಗಿಜಾದ ಪಿರಮಿಡ್‌ಗಿಂತ ಸುಮಾರು 1,000 ವರ್ಷ ಹಳೆಯ ಕಲ್ಲಿನ ದೇವಾಲಯ ಅದು, ಓಡಿಕೊಂಡು ನೋಡುವುದಾ? ನಾವಿದ್ದ ತೋಟದ ಮನೆಯ ಅಜ್ಜಿ ಕೇಳದೆಯೇ ಬಿಗಿಲ್ಲಾ ತಂದುಕೊಟ್ಟರು. ಅವರೆಯಂಥ ಒಂದು ಕಾಳನ್ನು ಬೆಳ್ಳುಳ್ಳಿ, ಆಲಿವ್ ಎಣ್ಣೆ ಹಾಕಿ ಅರೆದದ್ದು. ಜೊತೆಗೆ ಟೊಮೆಟೊ, ಬ್ರೆಡ್ಡು. ದುಡ್ಡು ಕೊಟ್ಟರೆ ಕೈ ಹಿಂದಕ್ಕೆ ಎಳೆದುಕೊಂಡರು. ಹಡಗು ಒಡೆದು ಬಂದ ಸಂತ ಪೌಲನಿಗೆ ಈ ದ್ವೀಪದ ಜನ ಮಳೆ ಚಳಿಯಲ್ಲಿ ಬೆಂಕಿ ಹಾಕಿ ಸತ್ಕರಿಸಿದರು ಅಂತ ಬೈಬಲ್‌ನಲ್ಲೇ ಇದೆ. ಆ ಗುಣ ಇನ್ನೂ ಇದೆ.

ದಾವಣಗೆರೆ ರೈಡರ್: ಭಟ್ಟರೇ, ನನ್ನ 340 ಯೂರೋ ಕಿತ್ತುಕೊಂಡವರೂ ಅದೇ ದ್ವೀಪದವರು.

ಶಿರಸಿ ಭಟ್ಟರು: ಒಂದು ಕೌಂಟರ್ ಇಟ್ಟುಕೊಂಡು ಇಡೀ ಊರನ್ನು ಅಳೆಯಬೇಡಿ ಮಾರಾಯ್ರೆ. ಅಲ್ಲಿಯ ಅಜ್ಜಿಗೂ ನಿಮ್ಮ ಕಾರಿಗೂ ಏನು ಸಂಬಂಧ?

ಮಂಗಳೂರು ಫಿಸಿಯೋ: ಪಾಪ, ಅವರು ಕೇಳಿದ್ದು ಅಪ್ಪನ ಮೊಣಕಾಲಿಗೆ. ಒಬ್ಬರೂ ಅದರ ಮಾತೆತ್ತಿಲ್ಲ. ವ್ಯಾಲೆಟ್ಟಾದಲ್ಲಿ ಅಡ್ಡರಸ್ತೆಗಳೇ ಮೆಟ್ಟಿಲು. ನಡುವಿನ ರಿಪಬ್ಲಿಕ್ ಸ್ಟ್ರೀಟ್ ಬಿಟ್ಟು ಇಳಿಸಬೇಡಿ. ಬಂದರಿನಿಂದ ಮೇಲಕ್ಕೆ ಬರಲು ಬಾರಕ್ಕಾ ಲಿಫ್ಟ್ ಇದೆ, 58 ಮೀಟರ್. ಸಂತ ಜಾನ್ ಕೋ-ಕ್ಯಾಥೆಡ್ರಲ್ ಚರ್ಚ್ ಒಳಗೆ ನೆಲ ಸಮತಟ್ಟು. ಇಟಲಿಯ ಚಿತ್ರಕಾರ ಕಾರವಾಜ್ಜೋ 1608ರಲ್ಲಿ ಬರೆದ ದೊಡ್ಡ ಚಿತ್ರ ಅಲ್ಲೇ ಇದೆ. ಭಾನುವಾರ ಪ್ರವಾಸಿಗರನ್ನು ಬಿಡುವುದಿಲ್ಲ. ನಮ್ಮ ಮಾವನ ಎರಡೂ ಮೊಣಕಾಲಿಗೆ ಆಪರೇಷನ್ ಆಗಿದೆ. ಬಸ್ಸಿನಲ್ಲಿ ನಿಂತು ಹೋಗಬೇಕಾಯಿತು, ರಾತ್ರಿ ಕಾಲು ಬಾತಿತ್ತು. ಆಮೇಲೆ ಆ್ಯಪ್ ಕ್ಯಾಬ್ ಹಿಡಿದೆವು. ದುಡ್ಡು ಜಾಸ್ತಿ ಆದರೂ ಅದೇ ಸರಿ.

ಹಾಸನದ ಅಕ್ಕ: ಬಸ್ಸಿನಲ್ಲಿ ಹಿರಿಯರಿಗೆ ಸೀಟು ಬಿಟ್ಟುಕೊಡುತ್ತಾರೆ, ಕೇಳಬೇಕಷ್ಟೇ. ಧಾರವಾಡದವರಿಗೆ: ಮಗಳು ಈಗ ಮತ್ತೆ ಅಂಗಡಿಯಲ್ಲಿ ಕೇಳಿ ಬಂದಳು. ಮಾರ್ಗರಿನ್ನೇ.

ಧಾರವಾಡದವರು: ಅದು ನಿಮ್ಮ ಮಗಳ ಅಂಗಡಿ. ಬೇರೆ ಅಂಗಡಿಯಲ್ಲಿ ತಿನ್ನುವವರು ಅಲ್ಲಿಯೂ ಕೇಳಲಿ.